ಬೈಗುಳ ಬಿಡುವುದು ಹೇಗೆ: ಹುಬ್ಬಳ್ಳಿ-ಧಾರವಾಡ ಕಡೆಯ ಕ್ರೈಸ್ತ ಮನೆಗಳಿಗೆ

ಬೈಗುಳ ಬಿಡಬೇಕು ಎಂದು ಹೊರಟವರು ಸಾಮಾನ್ಯವಾಗಿ ಮೊದಲು ಒಂದು ಪಟ್ಟಿ ಮಾಡುತ್ತಾರೆ: ಈ ಶಬ್ದ ಬೇಡ, ಆ ಶಬ್ದ ಬೇಡ. ಕೆಲವೇ ದಿನಗಳಲ್ಲಿ ಪಟ್ಟಿ ಸೋಲುತ್ತದೆ. ಬಿಟ್ಟ ಶಬ್ದದ ಜಾಗಕ್ಕೆ ಅದರ ಅಣ್ಣನೋ ತಮ್ಮನೋ ಬಂದು ಕೂಡುತ್ತಾನೆ. ಇಲ್ಲವೇ ಶಬ್ದಗಳೆಲ್ಲ ಶುದ್ಧವಾಗಿದ್ದು ಮಾತು ಮಾತ್ರ ಇರಿಯುವಂಥದ್ದಾಗಿರುತ್ತದೆ. "ನಿನ್ನಂಥಾವನ್ನ ಹಡದು ನಿಮ್ಮವ್ವ ಏನ್ ಸುಖಾ ಕಂಡ್ಳು" ಎನ್ನುವುದರಲ್ಲಿ ಹೊಲಸು ಪದ ಒಂದೂ ಇಲ್ಲ. ಕೇಳಿದ ಹುಡುಗ ಅದನ್ನು ಇಪ್ಪತ್ತು ವರ್ಷ ಮರೆಯುವುದಿಲ್ಲ.

ಸತ್ಯವೇದದಲ್ಲಿ ಇಂಥ ಪಟ್ಟಿ ಸಿಗುವುದಿಲ್ಲ. ದೇವರನ್ನು ಕೊಂಡಾಡುವ ಅದೇ ನಾಲಿಗೆಯಿಂದ, ದೇವರ ಹೋಲಿಕೆಯಲ್ಲಿ ಉಂಟಾದ ಮನುಷ್ಯರನ್ನು ಶಪಿಸುತ್ತೇವೆ ಎಂಬುದು ಯಾಕೋಬನ ದೂರು (3:9-10). ಪೌಲನು ಎಫೆಸದವರಿಗೆ 4:29ರಲ್ಲಿ ಕೇಳುವವರ ಹಿತವನ್ನೇ ಅಳತೆಗೋಲು ಮಾಡುತ್ತಾನೆ. ಆದ್ದರಿಂದ ಈ ಬರಹದ ಉದ್ದಕ್ಕೂ ನಾವು ಕೇಳುವ ಪ್ರಶ್ನೆ ಒಂದೇ: ಈ ಮಾತು ಯಾರಿಗೆ ತಗಲಿತು?

ಮೊದಲು ವಿಂಗಡಿಸಿ

ಬಾಯಿಗೆ ಬರುವ ಕೆಟ್ಟ ಮಾತುಗಳೆಲ್ಲ ಒಂದೇ ತೂಕದವಲ್ಲ. ನಾಲ್ಕು ಬಗೆ ಮಾಡಿಕೊಂಡರೆ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯುತ್ತದೆ.

ದೇವರ ಹೆಸರಿಗೆ ತಗಲುವ ಮಾತು ಮೊದಲನೆಯದು. ದೇವರ ಹೆಸರನ್ನು ಅಯೋಗ್ಯವಾಗಿ ಎತ್ತಬಾರದು ಎಂಬ ವಿಮೋಚನಕಾಂಡ 20:7ರ ಆಜ್ಞೆ ಇದರ ಬಗ್ಗೆಯೇ. ಎಡವಿ ಬಿದ್ದವರು "ಯೇಸಪ್ಪಾ" ಅಂದರೆ ಅದು ಕೂಗು, ಪ್ರಾರ್ಥನೆಯೇ. ಕ್ಯಾಚ್ ಕೈಬಿಟ್ಟಾಗ ಇಂಗ್ಲಿಷ್ ಸಿನಿಮಾದವರ ಹಾಗೆ "ಜೀಸಸ್" ಎಂದು ಉಗುಳುವುದು ಬೇರೆ. ಅಲ್ಲಿ ಯಾರನ್ನೂ ಕರೆದಿರುವುದಿಲ್ಲ. ಮಾತು ಮಾತಿಗೆ "ದೇವರಾಣಿ", "ನಮ್ಮವ್ವನಾಣಿ" ಎನ್ನುವುದೂ ಇದೇ ಗುಂಪಿಗೆ ಸೇರುತ್ತದೆ: ಮತ್ತಾಯ 5:34-37, ಯಾಕೋಬ 5:12. ಆಣೆ ಇಲ್ಲದೆ ಹೇಳಿದ್ದನ್ನು ಜನ ನಂಬುವಂತೆ ಬದುಕುವುದೇ ಇದಕ್ಕೆ ಔಷಧ. ಕೋರ್ಟಿನಲ್ಲಿ ಸಾಕ್ಷಿ ಹೇಳುವಾಗ ಆಣೆ ಮಾಡಲು ಮನಸ್ಸು ಒಪ್ಪದವರಿಗೆ 1969ರ ಪ್ರಮಾಣ ಕಾಯ್ದೆಯಲ್ಲೇ ದಾರಿ ಇದೆ. ದೇವರ ಹೆಸರಿನ ಪ್ರಮಾಣದ ಬದಲು ಸತ್ಯವನ್ನೇ ಹೇಳುತ್ತೇನೆಂಬ ದೃಢವಚನ ಕೊಡುತ್ತೇನೆ ಎಂದು ಮೊದಲೇ ಹೇಳಿದರೆ ಸಾಕು.

ಎರಡನೆಯದು ಶಾಪ: "ಹಾಳಾಗಿ ಹೋಗು", "ನಿನ್ನ ಬಾಯಾಗ ಮಣ್ಣ ಬೀಳ್ಲಿ", "ನಿನ್ನ ಹೆಣಾ ಎತ್ಲಿ". ನಮ್ಮ ಕಡೆ ಇವನ್ನು ಬೈಗುಳ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದಕ್ಕಾಗಿಯೇ ಇವುಗಳ ಬಗ್ಗೆ ಕೆಳಗೆ ಹೆಚ್ಚು ಹೇಳಲಿದ್ದೇವೆ.

ಮೂರನೆಯದು ಮನುಷ್ಯನ ಮಾನ ಕಳೆಯುವ ಮಾತು. ತಾಯಿ-ತಂಗಿಯರನ್ನು ಎಳೆದು ತರುವುದು, ಜಾತಿ ಹಿಡಿದು ಬೈಯುವುದು, ಕುಂಟ, ಕುಡ್ಡ, ಕರಿಯ ಎಂದು ಕೂಗುವುದು ಇದರಲ್ಲಿ ಬರುತ್ತದೆ. ಅರಸ ಸೌಲನು ತನ್ನ ಮಗ ಯೋನಾತಾನನ ಮೇಲಿನ ಸಿಟ್ಟನ್ನು ಅವನ ತಾಯಿಯ ಮೇಲೆ ಹಾಕಿ ಬೈದದ್ದು 1 ಸಮುವೇಲ 20:30ರಲ್ಲಿದೆ. ಯೋನಾತಾನ ಉಣ್ಣದೆ ಪಂಕ್ತಿಯಿಂದ ಎದ್ದು ಹೋದ. ಕಿವುಡನನ್ನು ಶಪಿಸಬಾರದು ಎಂಬ ಆಜ್ಞೆ ಯಾಜಕಕಾಂಡ 19:14ರಲ್ಲಿದೆ. ಬೈಸಿಕೊಂಡವನಿಗೆ ಕೇಳದಿದ್ದರೂ ಅದು ತಪ್ಪೇ. ಜಾತಿ ಹೆಸರನ್ನು ಬೈಗುಳವಾಗಿ ಬಳಸುವುದು ಸಭೆಯೊಳಗೇ ನಡೆದರೆ ಅದಕ್ಕಿಂತ ನಾಚಿಕೆಗೇಡು ಇಲ್ಲ. ಬಾಪ್ತಿಸ್ಮದ ನೀರಿನಲ್ಲಿ ಒಟ್ಟಿಗೆ ಇಳಿದವರು ಹಳೆಯ ಓಣಿಯ ಹೆಸರು ಹಿಡಿದು ಒಬ್ಬರನ್ನೊಬ್ಬರು ತೂಗುವಂತಿಲ್ಲ. ದೇಶದ ಕಾನೂನೂ ಇದನ್ನು ಹಗುರಾಗಿ ನೋಡುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡದವರನ್ನು ಆ ಸಮುದಾಯಗಳಿಗೆ ಸೇರದವರು ಜನರ ಎದುರು ಜಾತಿ ಹೆಸರಿನಿಂದ ಬೈದರೆ, 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಕನಿಷ್ಠ 6 ತಿಂಗಳಿಂದ 5 ವರ್ಷದವರೆಗೆ ಜೈಲು ಮತ್ತು ದಂಡ.

ನಾಲ್ಕನೆಯದು ಹೊಲಸು ಮಾತು ಮತ್ತು ಡಬಲ್ ಮೀನಿಂಗ್: ಎಫೆಸದವರಿಗೆ 5:4, ಕೊಲೊಸ್ಸೆಯವರಿಗೆ 3:8. ಬಹಳ ಮನೆಗಳಲ್ಲಿ ಕಾವಲು ಇರುವುದು ಇದೊಂದಕ್ಕೇ. ಹಿಂದಿನ ಮೂರು ಬಾಗಿಲು ತೆರೆದೇ ಇರುತ್ತವೆ.

ಯಾವುದು ಕೆಟ್ಟ ಮಾತಲ್ಲ ಎನ್ನುವುದೂ ಗೊತ್ತಿರಬೇಕು. "ಲೇ", "ಬಾರಲೇ", "ಏನಲೇ ತಮ್ಮಾ" ಇವು ನಮ್ಮ ಸಲಿಗೆ. ಬೆಂಗಳೂರಿನಿಂದ ಬಂದವರಿಗೆ ಜಗಳದಂತೆ ಕೇಳಿಸಿದರೂ ಕಿತ್ತೊಗೆಯಬೇಕಾದ ಕಳೆ ಅಲ್ಲ. ಡಾಕ್ಟರ ಮುಂದೆ ಮೈಯ ಭಾಗದ ಹೆಸರು ನೇರವಾಗಿ ಹೇಳುವುದು ಹೊಲಸಲ್ಲ. ಮಕ್ಕಳಿಗೆ ಆ ಹೆಸರುಗಳು ಗೊತ್ತಿರಲೇಬೇಕು. ಗಡಸು ಮಾತೂ ಬೇರೆ. ಕರ್ತನು ಹೆರೋದನನ್ನು ನರಿ ಎಂದ (ಲೂಕ 13:32), ಫರಿಸಾಯರಿಗೆ ಸರ್ಪಜಾತಿ ಎಂದ (ಮತ್ತಾಯ 23:33). ಬಲವುಳ್ಳವರ ಅನ್ಯಾಯವನ್ನು ಅವರ ಮುಖಕ್ಕೇ ಹೇಳಿದ ಮಾತು ಅದು. ನಾವು ಬೈಯುವುದು ಬಹುತೇಕ ತಿರುಗಿ ಮಾತಾಡಲಾಗದವರನ್ನು: ಹೋಟೆಲಿನ ಹುಡುಗನನ್ನು, ಹೆಂಡತಿಯನ್ನು, ಮಕ್ಕಳನ್ನು.

ಒಂದು ವಾರ ಕೇಳಿಸಿಕೊಳ್ಳಿ

ಮೊದಲ ವಾರ ಏನನ್ನೂ ಬದಲಿಸಬೇಡಿ, ಗಮನಿಸಿ. ಕಿಸೆಯಲ್ಲಿ ಸಣ್ಣ ನೋಟ್‌ಬುಕ್ ಇಡಿ, ಇಲ್ಲವೇ ಮೊಬೈಲಿನ ನೋಟ್ಸ್ ಸಾಕು. ಪ್ರತಿ ಸಲ ನಾಲ್ಕೇ ವಿಷಯ ಬರೆಯಿರಿ: ಶಬ್ದದ ಮೊದಲ ಅಕ್ಷರ, ಹೊತ್ತು, ಯಾರಿಗೆ ಅಂದಿರಿ, ಅದಕ್ಕೆ ಒಂದು ನಿಮಿಷ ಮೊದಲು ಏನಾಗಿತ್ತು. ಕೊನೆಯದೇ ಮುಖ್ಯ. ವಾರದ ಕೊನೆಗೆ ಓದಿದರೆ ಬೈಗುಳ ದಿನವಿಡೀ ಸಮನಾಗಿ ಹರಡಿಲ್ಲ, ಎರಡು-ಮೂರು ಜಾಗಗಳಲ್ಲಿ ಗುಂಪಾಗಿದೆ ಎಂದು ಕಾಣುತ್ತದೆ. ಸಂಜೆ ಚೆನ್ನಮ್ಮ ಸರ್ಕಲ್ ದಾಟುವ ಹೊತ್ತು, ಹಸಿದು ಮನೆಗೆ ಬಂದ ಮೊದಲ ಅರ್ಧ ತಾಸು, ಮಕ್ಕಳ ಹೋಮ್‌ವರ್ಕ್ ಹೊತ್ತು, ಕ್ರಿಕೆಟ್, ಒಬ್ಬ ನಿರ್ದಿಷ್ಟ ಗೆಳೆಯನ ಫೋನ್. ಇಡೀ ದಿನ ನಾಲಿಗೆ ಕಾಯುವುದು ಯಾರ ಕೈಲೂ ಆಗದು. ಅರ್ಧ ತಾಸು ಕಾಯಬಹುದು.

ನಿಮ್ಮ ಬಾಯಿ ನಿಮಗೇ ಕೇಳಿಸದಿದ್ದರೆ ಮನೆಯ ಒಬ್ಬರಿಗೆ ಹೇಳಿಡಿ. ಅವರು ಟೋಕಬಾರದು, ಸುಮ್ಮನೆ ಗೆರೆ ಹಾಕಿಟ್ಟು ರಾತ್ರಿ ತೋರಿಸಬೇಕು. ಆ ಹೊತ್ತಿನಲ್ಲೇ "ನೋಡ್ರಿ ಮತ್ತ ಅಂದ್ರಿ" ಅಂದರೆ ಇನ್ನೊಂದು ಬೈಗುಳ ಹುಟ್ಟುತ್ತದೆ.

ಮನೆಯ ಶಾಪದಿಂದ ಶುರು ಮಾಡಿ

ಸಿನಿಮಾದ ಬೈಗುಳಕ್ಕಿಂತ ಮೊದಲು ನಿಲ್ಲಬೇಕಾದ್ದು ಅಡುಗೆಮನೆಯಿಂದ, ಪಡಸಾಲೆಯಿಂದ ಮಕ್ಕಳ ಮೇಲೆ ಬೀಳುವ ಶಾಪ. "ಸಿಟ್ಟಿಲೆ ಅಂದದ್ದು, ಮನಸ್ಸಿನಾಗ ಇಲ್ಲ" ಎಂದು ಎಲ್ಲರೂ ಹೇಳುತ್ತಾರೆ. ಅದು ಹೇಳಿದವರಿಗೆ ಗೊತ್ತು. ಆರು ವರ್ಷದ ಮಗುವಿಗೆ ಗೊತ್ತಿಲ್ಲ. ಶಾಪ ಮಗುವಿಗೆ ಏನು ಮಾಡಬೇಕೆಂದು ತಿಳಿಸುವುದೂ ಇಲ್ಲ. "ನಿನ್ನ ಹೆಣಾ ಎತ್ಲಿ" ಎಂದರೆ ಪುಸ್ತಕ ತೆಗೆಯಬೇಕೋ ಟಿವಿ ಆರಿಸಬೇಕೋ?

ಆದ್ದರಿಂದ ಶಾಪದ ಜಾಗಕ್ಕೆ ಕೆಲಸದ ಹೆಸರನ್ನು ಇಡಿ. ಮಗುವಿನ ಹೆಸರು, ಒಂದು ಕ್ರಿಯೆ, ಒಂದು ಹೊತ್ತು: "ತಮ್ಮಾ, ಟಿವಿ ಆರ್ಸು, ಈಗ." "ತಂಗಿ, ಗಂಗಾಳ ಎತ್ತಿಡು, ಆಮ್ಯಾಲೆ ಆಡಾಕ ಹೋಗು." ದನಿ ಏರಿದರೂ ಪರವಾಗಿಲ್ಲ. ಹತ್ತಿರ ಹೋಗಿ ಹೇಳಿ. ಒಳಗಿನ ಕೋಣೆಯಿಂದ ಕೂಗಿದ ಮಾತು ಮೂರನೆಯ ಸಲಕ್ಕೆ ಶಾಪವಾಗುತ್ತದೆ. ಎರಡು ಸಲ ಹೇಳಿ ಆಗದಿದ್ದರೆ ಎದ್ದು ಹೋಗಿ ಟಿವಿ ನೀವೇ ಆರಿಸಿ. ಮಾತಿನಲ್ಲಿ ಶಿಕ್ಷೆ ಕೊಡುವುದನ್ನು ಬಿಟ್ಟರೆ ಶಿಸ್ತು ಸಡಿಲವಾಗುತ್ತದೆ ಎಂಬ ಹೆದರಿಕೆ ಬೇಡ. ಕೈಯಿಂದ ಆಗುವ ಕೆಲಸವನ್ನು ಬಾಯಿಗೆ ಕೊಟ್ಟದ್ದರಿಂದಲೇ ಸಡಿಲವಾಗಿತ್ತು.

ಅಜ್ಜ-ಅಜ್ಜಿಯರ ಬಾಯಲ್ಲಿ ಶಾಪ ಪ್ರೀತಿಯ ಮಾತಾಗಿ ಬಂದಿರುತ್ತದೆ. ಅವರನ್ನು ಮಕ್ಕಳ ಮುಂದೆ ತಿದ್ದಬೇಡಿ. ಒಬ್ಬರೇ ಇದ್ದಾಗ, "ಅಮ್ಮಾ, ಸಾಯೂ ಮಾತ ಬ್ಯಾಡ್ರಿ, ಹುಡುಗ ರಾತ್ರಿ ಹೆದರ್ತಾನ" ಎಂದು ಕಾರಣ ಸಮೇತ ಹೇಳಿ. ಬೈದ ಬಾಯಿಗೆ ಹರಸುವ ಕೆಲಸವನ್ನೂ ಕೊಡಿ (ರೋಮಾಪುರದವರಿಗೆ 12:14): ಮಲಗುವ ಮುಂಚೆ ಮೊಮ್ಮಕ್ಕಳ ತಲೆಯ ಮೇಲೆ ಕೈಯಿಟ್ಟು ಹೆಸರು ಹಿಡಿದು ಪ್ರಾರ್ಥಿಸಲು ಕೇಳಿ. ಬಹಳ ಅಜ್ಜಿಯರು ಇದನ್ನು ಸಂತೋಷದಿಂದ ಮಾಡುತ್ತಾರೆ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಾಸೆಲ್ ಮಿಶನ್ ಎಂಬ ಪ್ರೊಟೆಸ್ಟೆಂಟ್ ಮಿಶನರಿ ಸಂಸ್ಥೆ ಬಂದಾಗಿನಿಂದ ಇಲ್ಲಿಯ ಸಭೆಗಳಲ್ಲಿ ಪ್ರಾರ್ಥನೆಗೆ ಒಂದು ಪುಸ್ತಕದ ಕನ್ನಡ ಬೆಳೆದಿದೆ. ಅದು ಸುಂದರವಾದದ್ದು, ಬಿಡಬೇಕಾಗಿಲ್ಲ. ಆದರೆ ದೇವರ ಜೊತೆ ಒಂದು ಕನ್ನಡ, ಮಕ್ಕಳ ಜೊತೆ ಇನ್ನೊಂದು ಕನ್ನಡ ಎಂದಾದಾಗ ಮನೆಮಾತು ದೇವರ ಕಿವಿಗೆ ಬೀಳುವುದಿಲ್ಲವೇನೋ ಎಂಬ ಭಾವನೆ ಬೆಳೆಯುತ್ತದೆ. ಮನೆಯ ಪ್ರಾರ್ಥನೆಯನ್ನು ಮನೆಮಾತಿನಲ್ಲೇ ಮಾಡಿ ನೋಡಿ: "ಅಪ್ಪಾ ದೇವರ, ಇವತ್ತ ಹುಡುಗೂರಿಗೆ ಭಾಳ ಬೈದೆ, ಕ್ಷಮಿಸು." ಪ್ರಾರ್ಥನೆಗೆ ಬಳಸಿದ ಮಾತನ್ನು ಮರುಗಳಿಗೆ ಶಾಪಕ್ಕೆ ಬಳಸಲು ನಾಲಿಗೆ ಹಿಂಜರಿಯುತ್ತದೆ.

ಸಿಟ್ಟು ಬಂದ ಗಳಿಗೆ

ಬೈಗುಳ ಯೋಚಿಸಿ ಬರುವುದಲ್ಲ, ಅಭ್ಯಾಸದಿಂದ ಬರುತ್ತದೆ. ಹಲ್ಲು ಕಚ್ಚಿ ತಡೆದರೆ ಮೊದಲ ದಿನ ನಿಲ್ಲುತ್ತದೆ, ಮೂರನೆಯ ದಿನ ದುಪ್ಪಟ್ಟಾಗಿ ಬರುತ್ತದೆ. ಬಾಯಿಗೆ ಬದಲಿ ಮಾತು ಬೇಕು. ಪೌಲನೂ ಹೊಲಸು ಮಾತಿನ ಬದಲು ಸ್ತೋತ್ರ ಬರಲಿ ಎನ್ನುತ್ತಾನೆ. ಬದಲಿ ಮಾತು ಒಂದೆರಡು ಅಕ್ಷರದ್ದಿರಲಿ: "ಛೇ", "ಅಯ್ಯ", "ಸಾಕು". ಬೈಗುಳದ ಮೊದಲ ಅಕ್ಷರ ಉಳಿಸಿಕೊಂಡ ಅರೆಬರೆ ಶಬ್ದ ಆರಿಸಬೇಡಿ. ಸಿಟ್ಟು ಜೋರಾದ ದಿನ ಉಳಿದ ಅಕ್ಷರಗಳೂ ಬಂದುಬಿಡುತ್ತವೆ. ಆರಿಸಿದ ಮಾತನ್ನು ಸಿಟ್ಟಿಲ್ಲದಾಗಲೇ ಬಳಸಿ ರೂಢಿ ಮಾಡಿಕೊಳ್ಳಿ.

ಬೈಕ್ ಮೇಲಿರುವವರಿಗೆ ಕೀರ್ತನೆ 141:3 ಒಂದು ಉಸಿರಿನ ಪ್ರಾರ್ಥನೆಯಾಗುತ್ತದೆ: ಉಸಿರು ಎಳೆಯುವಾಗ "ಕರ್ತನೇ", ಬಿಡುವಾಗ "ನನ್ನ ಬಾಯಿ ಕಾಯಿ". ಸಿಗ್ನಲ್ ಹಸಿರಾಗುವುದರೊಳಗೆ ನಾಲ್ಕೈದು ಸಲ ಆಗುತ್ತದೆ.

ತಪ್ಪಿ ಬಂದರೆ? ಬರುತ್ತದೆ. ಎಲ್ಲಿ, ಯಾರ ಮುಂದೆ ಬಂತೋ ಅಲ್ಲೇ, ಅವರ ಮುಂದೆಯೇ ಕ್ಷಮೆ ಕೇಳಿ. ನಾಲ್ಕು ಜನರ ಎದುರು ಬೈದು, ರಾತ್ರಿ ಒಬ್ಬನಿಗೇ ಮೆಸೇಜ್ ಹಾಕಿದರೆ ಕಳೆದ ಮಾನ ಮರಳುವುದಿಲ್ಲ. "ಬಾಯಿ ತಪ್ಪಿ ಬಂತು" ಎನ್ನಬೇಡಿ; "ನಿಮ್ಮವ್ವನ ಮ್ಯಾಲೆ ಅಂದೆ, ತಪ್ಪಾತು" ಎಂದು ಏನು ಅಂದಿರೋ ಅದನ್ನೇ ಹೇಳಿ. ತಂದೆ ಮಗನಿಗೆ ಹೀಗೆ ಹೇಳಿದರೆ ತಂದೆಯ ಗೌರವ ಕಡಿಮೆಯಾಗುವುದಿಲ್ಲ. ಕ್ಯಾಥೊಲಿಕ್ ಸಭೆಯವರು ಪಾಪನಿವೇದನೆಯಲ್ಲಿ ಇದನ್ನು ಹೇಳುವಾಗ "ಕೆಟ್ಟ ಮಾತಾಡಿದೆ" ಎಂದು ಮುಗಿಸದೆ ಯಾರ ಮೇಲೆ ಎಂಬುದನ್ನೂ ಸೇರಿಸುವುದು ಒಳ್ಳೆಯದು.

ಒಂದು ಬೈಗುಳಕ್ಕೆ ಹತ್ತು ರೂಪಾಯಿ ಎಂದು ಡಬ್ಬಿ ಇಡುವ ಪದ್ಧತಿಯನ್ನು ನಾವು ಒಪ್ಪುವುದಿಲ್ಲ. ದುಡ್ಡು ಹಾಕಿದರೆ ಲೆಕ್ಕ ಚುಕ್ತಾ ಎಂದಾಗುತ್ತದೆ, ಬೈಸಿಕೊಂಡವನಿಗೆ ಏನೂ ಸಿಗುವುದಿಲ್ಲ. ಮಕ್ಕಳ ಬಾಯಿಗೆ ಖಾರದಪುಡಿ ಹಾಕುವುದಂತೂ ಖಂಡಿತ ಕೂಡದು. ಉಸಿರಿನ ಕೊಳವೆಗೆ ಹೋದರೆ ಜೀವಕ್ಕೇ ಅಪಾಯ. ಮಗು ಅದರಿಂದ ಕಲಿಯುವುದು ನಿಮ್ಮ ಕಿವಿಗೆ ಬೀಳದಂತೆ ಬೈಯುವುದನ್ನು ಮಾತ್ರ.

ಮಕ್ಕಳು ಹೊರಗಿನಿಂದ ತಂದ ಮಾತು

ಮೂರು-ನಾಲ್ಕು ವರ್ಷದ ಮಗು ಹೊಲಸು ಮಾತು ಅಂದಾಗ ನಗಬೇಡಿ, ಚೀರಬೇಡಿ. ಎರಡೂ ಅದಕ್ಕೆ ಬಹುಮಾನವೇ. "ಈ ಮಾತ ನಮ್ಮನ್ಯಾಗ ಆಡಂಗಿಲ್ಲ" ಎಂದು ಸಪ್ಪೆ ದನಿಯಲ್ಲಿ ಹೇಳಿ ಬೇರೆ ಮಾತಿಗೆ ಹೋಗಿ. ಅತಿಥಿಗಳು ನಕ್ಕು ಇನ್ನೊಮ್ಮೆ ಹೇಳಿಸಲು ನೋಡಿದರೆ ಮಗುವನ್ನು ಎತ್ತಿಕೊಂಡು ಒಳಗೆ ಹೋಗಿ.

ಎಂಟರಿಂದ ಹನ್ನೆರಡರವರೆಗಿನ ಮಕ್ಕಳಿಗೆ ಬಹಳ ಸಲ ಅರ್ಥವೇ ಗೊತ್ತಿರುವುದಿಲ್ಲ. "ಯಾರ ಕಡೆ ಕೇಳಿದಿ?" ಎಂದು ಪೊಲೀಸರ ಹಾಗೆ ಕೇಳದೆ, "ಹಂಗಂದ್ರೇನು ಗೊತ್ತೇನು?" ಎಂದು ಕೇಳಿ, ಗೊತ್ತಿಲ್ಲದಿದ್ದರೆ ವಯಸ್ಸಿಗೆ ತಕ್ಕಷ್ಟು ಹೇಳಿ. ಅರ್ಥ ತಿಳಿದ ಮೇಲೆ ಅರ್ಧ ಮಕ್ಕಳು ತಾವೇ ಬಿಡುತ್ತಾರೆ. ಹರೆಯದವರು "ದೋಸ್ತರಾಗ ಎಲ್ಲಾರೂ ಅಂತಾರ, ಚಾಷ್ಟಿಗೆ" ಎನ್ನುತ್ತಾರೆ. ಅವರ ಜೊತೆ, ನೆರೆಯವನಿಗೆ ಮೋಸ ಮಾಡಿ "ತಮಾಷೆಗೆ" ಎನ್ನುವವನನ್ನು ಬಾಣ ಬೀರುವ ಹುಚ್ಚನಿಗೆ ಹೋಲಿಸುವ ಜ್ಞಾನೋಕ್ತಿ 26:18-19 ಓದಿ, ಸೌಲ-ಯೋನಾತಾನರ ಊಟದ ಪ್ರಸಂಗ ಓದಿ, ನಂತರ ಸುಮ್ಮನಿರಿ.

ಪರದೆಯ ಮೇಲಿನ ಬೈಗುಳ

ಸತ್ಯವೇದವೇ ಬೈಗುಳಗಳನ್ನು ದಾಖಲಿಸಿದೆ: ಶಿಮ್ಮಿ ದಾವೀದನ ಮೇಲೆ ಕಲ್ಲು ತೂರಿ ಶಪಿಸಿದ್ದು (2 ಸಮುವೇಲ 16), ಪೇತ್ರನು ಶಪಿಸಿಕೊಂಡು ಆಣೆಯಿಟ್ಟದ್ದು (ಮತ್ತಾಯ 26:74). ಆದ್ದರಿಂದ ಒಂದು ಕಥೆಯಲ್ಲಿ ಬೈಗುಳ ಇದೆ ಎಂಬುದಷ್ಟೇ ಅದನ್ನು ತಳ್ಳಲು ಕಾರಣವಾಗದು. ನೋಡಬೇಕಾದ್ದು, ಬೈಗುಳಕ್ಕೆ ಕಥೆಯಲ್ಲಿ ಏನು ಸಿಗುತ್ತದೆ ಎನ್ನುವುದನ್ನು. ಹೀರೊ ಹೆಣ್ಣುಮಗಳ ಮಾನ ಕಳೆದಾಗ ಸಿಳ್ಳೆ ಬೀಳುವಂತೆ ಕಟ್ಟಿದ ದೃಶ್ಯವೂ, ಕುಡುಕ ಗಂಡನ ಬೈಗುಳದಿಂದ ಮನೆ ಒಡೆದದ್ದನ್ನು ತೋರಿಸುವ ದೃಶ್ಯವೂ ಒಂದಲ್ಲ. ಮೊದಲನೆಯದರಲ್ಲಿ ಬೀಪ್ ಹಾಕಿದ್ದರೂ ವಿಷವೇ. ಇನ್ನೊಂದು ಪರೀಕ್ಷೆ: ನೋಡಿ ಎದ್ದ ಮೇಲೆ ಎರಡು ದಿನ ಆ ಡೈಲಾಗ್ ನಿಮ್ಮ ಬಾಯಲ್ಲಿ ಬಂತೇ? ಬಂದರೆ ಅಂಥದ್ದು ನಿಮಗೆ ಆಗಿಬರುವುದಿಲ್ಲ, ಪಕ್ಕದವರಿಗೆ ಆಗಿಬರಬಹುದು. ನಮ್ಮ ಸ್ವಾತಂತ್ರ್ಯ ಬಲಹೀನರನ್ನು ಎಡವಿಸಬಾರದು ಎಂಬ 1 ಕೊರಿಂಥ 8ರ ಮಾತು ನೆನಪಿಟ್ಟು, ಜೊತೆಗೆ ನೋಡುವವರಲ್ಲಿ ಅತಿ ಎಳೆಯ ಮನಸ್ಸಿನವರಿಗೆ ತಕ್ಕಂತೆ ಆರಿಸಿ.

ಈಗ ಸಾಧನಗಳ ವಿಷಯ. ಥಿಯೇಟರ್ ಸಿನಿಮಾಗಳ ಯು/ಎ ಸರ್ಟಿಫಿಕೇಟ್ ಈಗ 7+, 13+, 16+ ಎಂದು ಒಡೆದಿದೆ. ಒಟಿಟಿಗಳಿಗೂ 2021ರ ಐಟಿ ನಿಯಮಗಳ ಪ್ರಕಾರ ಇದೇ ವಯಸ್ಸಿನ ವರ್ಗೀಕರಣ ಇದೆ; 13+ ಮತ್ತು ಅದಕ್ಕೆ ಮೇಲಿನವಕ್ಕೆ ಪೇರೆಂಟಲ್ ಲಾಕ್ ಕೊಡುವುದು ಅವರಿಗೆ ಕಡ್ಡಾಯ. ಸಂಖ್ಯೆ ನೋಡಿ ನಿಲ್ಲಬೇಡಿ. 16+ ಎಂದು ಬಂದದ್ದು ಹೊಡೆದಾಟಕ್ಕೋ ಮಾತಿಗೋ ಎಂಬುದು ಅದರ ಪಕ್ಕದ ಸಣ್ಣ ಅಕ್ಷರದ ವಿವರಣೆಯಲ್ಲಿ ಇರುತ್ತದೆ. ಶುರುವಾದ ಕೆಲವು ಸೆಕೆಂಡುಗಳಲ್ಲಿ ಪರದೆಯ ಮೂಲೆಯಲ್ಲೂ ಬರುತ್ತದೆ. ಮಕ್ಕಳಿಗೆ ಬೇರೆ ಪ್ರೊಫೈಲ್ ಮಾಡಿ ವಯಸ್ಸಿನ ಮಿತಿ ಹಾಕಿ, ದೊಡ್ಡವರ ಪ್ರೊಫೈಲಿಗೆ ಪಿನ್ ಹಾಕಿ. ಎರಡನೆಯದನ್ನು ಮರೆಯುವವರೇ ಹೆಚ್ಚು. ಆಗ ಮೊದಲನೆಯದು ವ್ಯರ್ಥ.

ಯೂಟ್ಯೂಬ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ರಿಸ್ಟ್ರಿಕ್ಟೆಡ್ ಮೋಡ್ ಇದೆ. ಅದನ್ನು ಪ್ರತಿ ಫೋನಿನಲ್ಲಿ, ಟಿವಿಯಲ್ಲಿ ಬೇರೆ ಬೇರೆಯಾಗಿ ಹಾಕಬೇಕು. ಹಾಕಿದರೆ ಕಾಮೆಂಟುಗಳೂ ಕಾಣುವುದಿಲ್ಲ, ಅದೇ ದೊಡ್ಡ ಲಾಭ. ಆದರೆ ನಮ್ಮ ಕಡೆಯ ಆಡುಮಾತಿನ ಬೈಗುಳವನ್ನು ಅದು ಪೂರಾ ಹಿಡಿಯುತ್ತದೆ ಎಂದು ನಂಬಿ ಕೂಡಬೇಡಿ. ಅಂಥ ಕಾಮಿಡಿ ವಿಡಿಯೊ ಬಂದಾಗ ಪಕ್ಕದ ಮೂರು ಚುಕ್ಕೆ ಒತ್ತಿ ಆ ಚಾನೆಲ್ ತೋರಿಸಬೇಡ ಎಂಬುದನ್ನು ಆರಿಸಿ, ನೋಡಿದ ಇತಿಹಾಸದಿಂದಲೂ ಅಳಿಸಿ. ಇಲ್ಲದಿದ್ದರೆ ಅದರ ಬಳಗವೆಲ್ಲ ಸರತಿಯಲ್ಲಿ ಬರುತ್ತದೆ. ಆಟೊಪ್ಲೇ ಬಂದ್ ಮಾಡಿ. ಇನ್‌ಸ್ಟಾಗ್ರಾಂನ ಹಿಡನ್ ವರ್ಡ್ಸ್ ಒಳಗೆ ನೀವೇ ಶಬ್ದಗಳನ್ನು ಸೇರಿಸಬಹುದು: ಕನ್ನಡ ಅಕ್ಷರದಲ್ಲೊಮ್ಮೆ, ಇಂಗ್ಲಿಷ್ ಅಕ್ಷರದ ಮೂರ್ನಾಲ್ಕು ಕಾಗುಣಿತಗಳಲ್ಲೊಮ್ಮೆ. ಇದು ನಿಮ್ಮ ಪೋಸ್ಟಿನ ಕಾಮೆಂಟು ಮತ್ತು ಮೆಸೇಜ್ ಕೋರಿಕೆಗಳನ್ನು ಸೋಸುತ್ತದೆ, ರೀಲ್ಸನ್ನಲ್ಲ.

ಮೊಬೈಲ್ ಗೇಮುಗಳಲ್ಲಿ ಕೆಟ್ಟದ್ದು ಬರುವುದು ಆಟದಿಂದಲ್ಲ, ವಾಯ್ಸ್ ಚಾಟಿನಿಂದ. ಅಪರಿಚಿತರ ದನಿಯನ್ನು ಬಂದ್ ಮಾಡಿ, ಗೊತ್ತಿರುವ ಗೆಳೆಯರ ಟೀಮಿಗೆ ಮಾತ್ರ ಮೈಕ್ ಇಡಿಸಿ. ಇಯರ್‌ಫೋನ್ ತೆಗೆದು ಪಡಸಾಲೆಯಲ್ಲಿ ಸ್ಪೀಕರ್ ಹಾಕಿ ಆಡುವ ನಿಯಮ ಇನ್ನೂ ಒಳ್ಳೆಯದು.

ಗ್ಯಾರೇಜು, ಮೈದಾನ, ಮದುವೆ

ಹೊರಗಿನವರಿಗೆ ತೀರ್ಪು ಮಾಡುವುದು ನನ್ನ ಕೆಲಸವೇ ಎಂದು ಪೌಲ ಕೇಳುತ್ತಾನೆ (1 ಕೊರಿಂಥ 5:12). ಗೋಕುಲ ರೋಡಿನ ವರ್ಕ್‌ಶಾಪಿನಲ್ಲೋ ಬ್ಯಾಡಗಿಯ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲೋ ಜೊತೆಗೆ ದುಡಿಯುವವರ ಮಾತು ತಿದ್ದಲು ಹೋಗಬೇಡಿ. ನಗಬೇಡಿ, ತಿರುಗಿ ಹೇಳಬೇಡಿ, ಚಹಾಕ್ಕೆ ಜೊತೆಗೇ ಹೋಗಿ. ಬೈಗುಳ ಸಣ್ಣ ಹುಡುಗನ ಮೇಲೋ ಕಸ ಗುಡಿಸುವ ಹೆಣ್ಣುಮಗಳ ಮೇಲೋ ಬಿದ್ದರೆ ಮಾತ್ರ ಸುಮ್ಮನಿರಬೇಡಿ: "ಅಣ್ಣಾ, ಕೆಲಸದ್ದು ಹೇಳು, ಅವ್ವನ ಹೆಸರ ಬ್ಯಾಡ." ಅಷ್ಟು ಸಾಕು.

ಯೌವನಸ್ಥರ ಕೂಟದ ಕ್ರಿಕೆಟ್ ಪಂದ್ಯಗಳಲ್ಲಿ ಮಾತ್ರ ನಿಯಮ ಬರೆದೇ ಇಡಿ, ಅದು ಒಳಗಿನವರ ಕೆಲಸ. ಟಾಸ್ ಹೊತ್ತಿಗೆ ಎರಡೂ ಕ್ಯಾಪ್ಟನ್‌ಗಳಿಗೆ ಓದಿ ಹೇಳಿ: ಮೊದಲ ಸಲ ಎಚ್ಚರಿಕೆ, ಎರಡನೆಯ ಸಲ ಆ ಆಟಗಾರ ಎರಡು ಓವರ್ ಹೊರಗೆ, ಜಾತಿ ಅಥವಾ ತಾಯಿಯ ಮೇಲೆ ಬೈದರೆ ಎಚ್ಚರಿಕೆ ಇಲ್ಲದೆ ಆ ದಿನದ ಆಟ ಮುಗಿಯಿತು. ಪಾಸ್ಟರ ಮಗನಿಗೂ ಅದೇ.

ಮದುವೆಯ ಡಿಜೆಗೆ ಅಡ್ವಾನ್ಸ್ ಕೊಡುವ ದಿನವೇ ಮಾತಾಡಿ. "ಚಲೋ ಹಾಡ ಹಾಕ್ರಿ" ಎಂದರೆ ಅವರಿಗೆ ಬೇರೆಯೇ ಅರ್ಥವಾಗುತ್ತದೆ. ಇಪ್ಪತ್ತೈದು-ಮೂವತ್ತು ಹಾಡುಗಳನ್ನು ನೀವೇ ಪೆನ್‌ಡ್ರೈವಿನಲ್ಲಿ ಹಾಕಿಕೊಡಿ, ಫರ್ಮಾಯಿಶ್ ಹಾಡು ಹಾಕುವ ಮುಂಚೆ ಕೇಳಬೇಕಾದ ಒಬ್ಬರ ಹೆಸರು, ನಂಬರು ಕೊಡಿ. ಆ ಒಬ್ಬರು ವರನ ಗೆಳೆಯರ ಗುಂಪಿನವರೇ ಆಗಿರಲಿ. ಹಿರಿಯರಿಗೆ ಜವಾರಿ ಹಾಡುಗಳ ಡಬಲ್ ಮೀನಿಂಗ್ ಎರಡನೆಯ ಚರಣದವರೆಗೂ ತಿಳಿಯುವುದಿಲ್ಲ.